ಅನಾಥ ಮಗುವಿನ ನಂಬಿಕೆ ಯಾರ ಕೈಯಲ್ಲಿ?

ತಂದೆತಾಯಿಯಿಲ್ಲದ ಮಗುವಿಗೆ ಅನ್ನವಿಟ್ಟವರಿಗೆ ಅದರ ನಂಬಿಕೆಯನ್ನು ತೀರ್ಮಾನಿಸುವ ಹಕ್ಕೂ ಇದೆಯೇ? ಕ್ಯಾಥೊಲಿಕ್ ಅನಾಥಾಲಯಗಳ ಇತಿಹಾಸದುದ್ದಕ್ಕೂ ಈ ಪ್ರಶ್ನೆ ಹರಿದುಬಂದಿದೆ. ಬೈಬಲಿನ ಯಕೋಬನ ಪತ್ರವು ಅನಾಥರ, ವಿಧವೆಯರ ಆರೈಕೆಯನ್ನು ಶುದ್ಧ ಭಕ್ತಿಯ ಲಕ್ಷಣವೆಂದು ಎಣಿಸುತ್ತದೆ. ಸಂತ ವಿನ್ಸೆಂಟ್ ಡಿ ಪಾಲ್ 1638ರಲ್ಲಿ ಪ್ಯಾರಿಸ್‌ನ ಬೀದಿಪಾಲಾದ ಶಿಶುಗಳಿಗೆ ಆಸರೆ ಕಟ್ಟಿಕೊಟ್ಟದ್ದು ಈ ನಂಬಿಕೆಯಿಂದಲೇ. ಫ್ರಾನ್ಸಿನ ಆಂಜೆಯಲ್ಲಿ ಹುಟ್ಟಿದ ಗುಡ್ ಶೆಫರ್ಡ್ ಸಭೆಯ ಸನ್ಯಾಸಿನಿಯರು 1854ರಲ್ಲಿ ಬೆಂಗಳೂರಿಗೆ ಬಂದದ್ದೂ ಅದೇ ಜಾಡಿನಲ್ಲಿ.

ಮೈಸೂರು ಸೀಮೆಯಲ್ಲಿ ಪ್ರಶ್ನೆ ಕಟುವಾದದ್ದು 1876–78ರ ಧಾತು–ಈಶ್ವರ ಬರದಲ್ಲಿ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಹೆತ್ತವರು ದಾರಿಯಲ್ಲೇ ಸತ್ತು, ಮಕ್ಕಳು ಮಾತ್ರ ಉಳಿದರು. ಫ್ರೆಂಚ್ ಮಿಷನರಿಗಳು ಅಂಥವರನ್ನು ಸಾಕಿದರು. ಬೆಳೆದವರಿಗೆ ಜಮೀನು ಕೊಟ್ಟು ನೆಲೆ ಕಲ್ಪಿಸಿದರು. ಹೆಸರಘಟ್ಟದ ಕಡೆಯ ಸಿಲುವೆಪುರ ಹಾಗೆ ಬೆಳೆದ ಊರು. ಮಕ್ಕಳಿಗೆ ಕ್ರೈಸ್ತ ದೀಕ್ಷೆಯಾದ ಜ್ಞಾನಸ್ನಾನವೂ ಆಯಿತು. ಜ್ಞಾನಸ್ನಾನವಿಲ್ಲದೆ ಸತ್ತ ಮಗುವಿನ ಆತ್ಮದ ಗತಿಯೇನು ಎಂಬ ಅಂದಿನ ಪಾದ್ರಿಗಳ ಕಳವಳ ಪ್ರಾಮಾಣಿಕವಾದದ್ದೇ. ಆದರೆ ಹಸಿದ ಮಗುವಿನ ಒಪ್ಪಿಗೆ ಒಪ್ಪಿಗೆಯಲ್ಲ. ಜೀವ ಉಳಿಸಿದ ಕೈಗೆ ಆ ಮಗು ಚಿರಋಣಿ, ನಿಜ. ನಂಬಿಕೆಯನ್ನು ಕೊಟ್ಟು ತೀರಿಸಬೇಕಾದ ಋಣ ಮಾತ್ರ ಅದಲ್ಲ.

ಕ್ಯಾಥೊಲಿಕ್ ಧರ್ಮಸಭೆಯೂ ಈ ದಿಕ್ಕಿಗೆ ಹೊರಳಿತು. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ ಘೋಷಣೆ, ಧರ್ಮದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದೆಂದು ಸಾರಿತು. ಅದಕ್ಕೆ ಮುನ್ನವೇ ಭಾರತದ ಸಂವಿಧಾನದ 28(3)ನೇ ವಿಧಿ, ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಅಪ್ರಾಪ್ತ ವಯಸ್ಕರಿಗೆ ಧಾರ್ಮಿಕ ಬೋಧನೆ ನೀಡಲು ಪೋಷಕರ ಒಪ್ಪಿಗೆ ಬೇಕೆಂದಿತ್ತು. ಅನಾಥ ಮಗುವಿನ ಮಟ್ಟಿಗೆ ಪೋಷಕ ಯಾರು? ಆಶ್ರಯ ಕೊಟ್ಟ ಸಂಸ್ಥೆಯೇ ಆದರೆ, ಒಪ್ಪಿಗೆ ಕೇಳುವವರೂ ಕೊಡುವವರೂ ಒಬ್ಬರೇ ಆಗುತ್ತಾರೆ.

2015ರ ಬಾಲನ್ಯಾಯ ಕಾಯ್ದೆ ಈ ಗಂಟನ್ನು ಸ್ವಲ್ಪ ಸಡಿಲಿಸಿತು. ಈಗ ಮಕ್ಕಳ ಆಶ್ರಮ ನಡೆಸುವವರು, ಯಾವ ಧರ್ಮದವರೇ ಇರಲಿ, ನೋಂದಣಿ ಮಾಡಿಸಲೇಬೇಕು. ಮಗು ಎಲ್ಲಿರಬೇಕೆಂದು ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸುತ್ತದೆ. ಕುಟುಂಬಕ್ಕೆ ಮರಳಿಸುವುದೇ ಮೊದಲ ಗುರಿ. ಡಾನ್ ಬಾಸ್ಕೊ ಪರಂಪರೆಯ ಸಲೇಶಿಯನ್ನರು 1980ರಲ್ಲಿ ಆರಂಭಿಸಿದ ‘ಬೆಂಗಳೂರು ಓಣಿಯವರ ಸೇವಾ ಕೂಟ’ ಬೀದಿಗೆ ಬಿದ್ದ ಮಕ್ಕಳನ್ನು ಮನೆಗೆ ಸೇರಿಸುವ ಕೆಲಸವನ್ನು ಇಂದಿಗೂ ಮಾಡುತ್ತಿದೆ.