ಬಸ್ ಸ್ಟಾಪಿನಲ್ಲಿ ನಿಂತ ನಾಟಕ

ನ್ಯೂಜೆರ್ಸಿ ಎಂದರೆ ನಮ್ಮವರಿಗೆ ಎಡಿಸನ್, ಸಾಫ್ಟ್‌ವೇರ್ ನೌಕರಿ, ವಾರಾಂತ್ಯದ ಕನ್ನಡ ಕೂಟ. ಅದೇ ರಾಜ್ಯಕ್ಕೆ ಪೋಲೆಂಡಿನ ಗಣಿ ಸೀಮೆಯ ಬಿಟೊಮ್ ಎಂಬ ಊರಿನಿಂದ ತಾಯಿಯೊಬ್ಬಳು ಪುಟ್ಟ ಮಗಳನ್ನು ಕರೆತಂದಳು. ಕಾರ್ಖಾನೆಯಲ್ಲಿ ದುಡಿದಳು, ಕಂಡವರ ಮನೆ ಗುಡಿಸಿ ಒರೆಸಿದಳು. ಆ ಮಗಳು, 1985ರಲ್ಲಿ ಹುಟ್ಟಿದ ಮಾರ್ಟಿನಾ ಮಾಯೋಕ್, ಈಗ ಅಮೆರಿಕದ ಹೆಸರಾಂತ ನಾಟಕಕಾರ್ತಿ. ಹುಡುಗಿಯಾಗಿದ್ದಾಗ ಪೂಲ್ ಆಟದಲ್ಲಿ ಗೆದ್ದ ಹಣದಲ್ಲಿ ಟಿಕೆಟ್ ಕೊಂಡು ‘ಕ್ಯಾಬರೆ’ ಸಂಗೀತ ನಾಟಕ ನೋಡಿದ್ದೇ ಅವರ ಮೊದಲ ರಂಗಾನುಭವ.

ಆಮೇಲೆ ಶಿಕಾಗೊ ವಿಶ್ವವಿದ್ಯಾಲಯ, ಯೇಲ್, ಜೂಲಿಯಾರ್ಡ್. ಈ ಪಟ್ಟಿ ಓದಿದರೆ ‘ಮನೆಗೆಲಸದವಳ ಮಗಳು ಗೆದ್ದ ಕಥೆ’ ತಾನಾಗಿಯೇ ಸಿದ್ಧವಾಗಿಬಿಡುತ್ತದೆ. ಪತ್ರಿಕೆಯವರಾದ ನಮಗಂತೂ ಅಂಥ ಕಥೆಯೆಂದರೆ ಪ್ರಾಣ. ಮಾಯೋಕ್ ಬರೆದ ನಾಟಕಗಳು ಮಾತ್ರ ಆ ಕಥೆಯನ್ನು ಒಪ್ಪುವುದಿಲ್ಲ.

2016ರಲ್ಲಿ ನ್ಯೂಯಾರ್ಕ್‌ನ ಪ್ರೇಕ್ಷಕರ ಮುಂದೆ ಬಂದ ‘ಐರನ್‌ಬೌಂಡ್’ ನೋಡಿ. ಇಡೀ ನಾಟಕ ನ್ಯೂಜೆರ್ಸಿಯ ಒಂದು ಬಸ್ ಸ್ಟಾಪಿನಲ್ಲೇ ನಡೆಯುತ್ತದೆ. ಪೋಲೆಂಡಿನಿಂದ ಬಂದ ದಾರ್ಯಾ ಎಂಬ ದುಡಿಯುವ ಹೆಂಗಸು ಅಲ್ಲಿ ನಿಂತಿದ್ದಾಳೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಂದೆ ಮುಂದೆ ಸರಿದಾಡುತ್ತವೆ, ಗಂಡ ಹೋಗಿ ಗೆಳೆಯ ಬರುತ್ತಾನೆ, ಅವಳ ನಿಲ್ದಾಣ ಮಾತ್ರ ಬದಲಾಗುವುದಿಲ್ಲ. ಯಾವ ಗಂಡಸಿನ ಜೊತೆ ಇರಬೇಕು ಎಂಬ ಪ್ರಶ್ನೆ ಅವಳಿಗೆ ಪ್ರೀತಿಯದ್ದಷ್ಟೇ ಅಲ್ಲ, ತಲೆಯ ಮೇಲಿನ ಸೂರಿನದ್ದು. ಅವಳ ಇಂಗ್ಲಿಷ್ ಮುರುಕು, ಬುದ್ಧಿ ಮೊನಚು. ವಲಸೆಗಾರರ ಮುರುಕು ಮಾತನ್ನು ನಗೆಗೆ ಬಳಸುವ ಚಾಳಿ ಎಲ್ಲ ರಂಗಭೂಮಿಗೂ ಇದೆ, ನಮ್ಮದಕ್ಕೂ. ಇಲ್ಲಿಯೂ ನಗು ಬರುತ್ತದೆ. ಆದರೆ ನಗಿಸುವವಳು ಅವಳು, ನಗೆಗೀಡಾಗುವವರು ಎದುರಿಗಿರುವವರು.

2018ರಲ್ಲಿ ಪುಲಿಟ್ಜರ್ ತಂದುಕೊಟ್ಟ ‘ಕಾಸ್ಟ್ ಆಫ್ ಲಿವಿಂಗ್’ ಇನ್ನೂ ಕಟು. ಅದರ ಜೆಸ್ ಪ್ರಿನ್ಸ್‌ಟನ್‌ನಲ್ಲಿ ಓದಿದ ವಲಸಿಗರ ಮಗಳು. ರಾತ್ರಿ ಬಾರುಗಳಲ್ಲಿ ಕೆಲಸ. ಸಾಲದೆಂದು, ಸೆರೆಬ್ರಲ್ ಪಾಲ್ಸಿ ಇರುವ ಶ್ರೀಮಂತ ಸಂಶೋಧನಾ ವಿದ್ಯಾರ್ಥಿಗೆ ಸ್ನಾನ ಮಾಡಿಸುವ, ಬಟ್ಟೆ ತೊಡಿಸುವ ಕೆಲಸಕ್ಕೂ ಸೇರುತ್ತಾಳೆ. ಇಷ್ಟೆಲ್ಲ ಮಾಡಿದ ಮೇಲೂ ಮಲಗುವುದು ಕಾರಿನಲ್ಲಿ. ಡಿಗ್ರಿ ಸಿಕ್ಕಿತೆಂದರೆ ದಡ ಸೇರಿದಂತೆ ಎಂದು ನಂಬಿ ಮಕ್ಕಳನ್ನು ವಿಮಾನ ಹತ್ತಿಸುವ ನಮ್ಮ ಮನೆಗಳಿಗೂ ಈ ಜೆಸ್‌ಳ ಪರಿಚಯ ಆಗಬೇಕು.

ಮಾಯೋಕ್ ಸ್ವತಃ ಅಂಗವಿಕಲರ ಆರೈಕೆಯ ಕೆಲಸ ಮಾಡಿದವರು. ಹಾಗಾಗಿ ಸ್ನಾನದ ದೃಶ್ಯದಲ್ಲಿ ಕರುಣೆಯ ಕಣ್ಣೀರಿಲ್ಲ; ಯಾವ ತೋಳನ್ನು ಎಲ್ಲಿ ಹಿಡಿಯಬೇಕು, ಯಾರು ಯಾರನ್ನು ನಂಬಬೇಕು ಎಂಬ ಲೆಕ್ಕಾಚಾರವಿದೆ. ಅಂಗವಿಕಲ ಪಾತ್ರಗಳನ್ನು ಅಂಗವಿಕಲ ನಟರೇ ಮಾಡಬೇಕು ಎಂಬುದು ಅವರ ಪಟ್ಟು. ಪ್ರಶಸ್ತಿ ಬಂದು ನಾಲ್ಕು ವರ್ಷದ ಮೇಲೆ, 2022ರಲ್ಲಿ, ನಾಟಕ ಬ್ರಾಡ್‌ವೇ ಏರಿದಾಗಲೂ ಆ ಪಟ್ಟು ಸಡಿಲಲಿಲ್ಲ. ನ್ಯೂಯಾರ್ಕ್‌ನ ಮೊದಲ ಪ್ರಯೋಗದಲ್ಲಿದ್ದ ಗ್ರೆಗ್ ಮೊಜ್‌ಗಾಲಾ ಮತ್ತು ಪ್ಯಾರಾಲಿಂಪಿಕ್ ಓಟಗಾರ್ತಿ ಕೇಟಿ ಸಲಿವನ್ ಅಲ್ಲಿಯೂ ಅದೇ ಪಾತ್ರಗಳಲ್ಲಿ ಬಣ್ಣ ಹಚ್ಚಿದರು.