ಕೊಬ್ಬಿಸಿದ ಕರು ಯಾರದು?

2025ರ ಫೆಬ್ರುವರಿಯ ಒಂದು ರಾತ್ರಿ ನನ್ನ ತಮ್ಮ ಮನೆಗೆ ಬಂದ. ಹದಿನಾಲ್ಕು ತಿಂಗಳಿಂದ ಅವನ ಫೋನು ಸ್ವಿಚ್ ಆಫ್ ಆಗಿತ್ತು. ಮಲೆಬೆನ್ನೂರಿನ ನಮ್ಮ ಮನೆಯ ಹೊಸ್ತಿಲ ಹೊರಗೆ ಚಪ್ಪಲಿಯನ್ನೂ ಬಿಡದೆ ನಿಂತಿದ್ದವನನ್ನು ಮೊದಲು ನೋಡಿದವಳು ನಾನೇ. ಒಳಗೆ ಬಾ ಎನ್ನಲಿಲ್ಲ. ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ಅವ್ವ ಎದ್ದು ಬಂದು ಅವನ ಕೆನ್ನೆ ಮುಟ್ಟಿ ನೋಡಿದಳು. ಅಳಲಿಲ್ಲ, ಬೈಯಲಿಲ್ಲ. ನನ್ನ ಕಡೆ ತಿರುಗಿ, "ಒಂದು ಮುನ್ನೂರು ಇದ್ರೆ ಕೊಡವ್ವ, ಕೋಳಿ ತರಿಸ್ತೀನಿ. ಸರಿಯಾಗಿ ಉಂಡು ಎಷ್ಟು ದಿನ ಆಗೇತೋ ಏನೋ" ಎಂದಳು.

ಕೊಟ್ಟೆ. ಕೊಟ್ಟು ಹಿತ್ತಲಿಗೆ ಹೋಗಿ ನೀರಿನ ಡ್ರಮ್ಮಿನ ಪಕ್ಕ ಕೂತೆ. ಸಾರಿನ ವಾಸನೆ ಅಲ್ಲಿಗೂ ಬಂತು. ಆ ರಾತ್ರಿ ನಾನು ಊಟ ಮಾಡಲಿಲ್ಲ.

ನನ್ನ ಸಿಟ್ಟಿಗೆ ಕಾರಣವಿತ್ತು. ಮೊಬೈಲಿನಲ್ಲಿ ರಮ್ಮಿ ಆಡಲು ಶುರು ಮಾಡಿದ ತಮ್ಮ ಮೊದಲು ತನ್ನ ಸಂಬಳ ಕಳೆದ. ಆಮೇಲೆ ಸಾಲದ ಆ್ಯಪ್‌ಗಳಿಗೆ ಕೈಚಾಚಿದ. ಅವ್ವನ ಎರಡು ಬಳೆ ಗಿರವಿ ಅಂಗಡಿ ಸೇರಿದವು. ನನ್ನ ಹೆಸರಿನಲ್ಲಿ ಅಪ್ಪ ಕಟ್ಟುತ್ತಿದ್ದ ಚೀಟಿಯ ದುಡ್ಡನ್ನೂ ಏನೋ ಸುಳ್ಳು ಹೇಳಿ ಎತ್ತಿಸಿಕೊಂಡ. ಎಲ್ಲ ಸೇರಿ 2,30,000 ರೂಪಾಯಿ. ಅವನು ಊರು ಬಿಟ್ಟ ಮೇಲೆ ಸಾಲದವರ ಫೋನು ನಮ್ಮ ನೆಂಟರಿಷ್ಟರಿಗೆಲ್ಲ ಹೋದವು. ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿರುವ ಅಪ್ಪ ಕೆಲಸಕ್ಕೆ ಹೋಗುವ ದಾರಿಯನ್ನೇ ಬದಲಿಸಿಕೊಂಡರು. ಪಿಎಚ್.ಡಿ. ಫೆಲೋಶಿಪ್ಪಿನಲ್ಲಿ ತಿಂಗಳಿಗೆ 6,500 ರೂಪಾಯಿಯಂತೆ ಆ ಸಾಲ ತೀರಿಸುತ್ತ ಬಂದವಳು ನಾನು. ಹಾಗಾಗಿ ಆ ರಾತ್ರಿ ಕೋಳಿಗೆ ಕೊಟ್ಟ ಮುನ್ನೂರು ನನಗೆ ಬರೀ ಮುನ್ನೂರಾಗಿರಲಿಲ್ಲ.

ನಾವು ಕಥೋಲಿಕರು. ತಪಸ್ಸುಕಾಲದ ನಾಲ್ಕನೆಯ ಭಾನುವಾರ, ಅಂದರೆ ಮಾರ್ಚ್ 30ರಂದು, ಪೂಜೆಯಲ್ಲಿ ಓದಿದ್ದು ಲೂಕನ ಶುಭಸಂದೇಶದ 15ನೆಯ ಅಧ್ಯಾಯದ ದುಂದುಗಾರ ಮಗನ ಸಾಮತಿ. ಪೂಜೆಯ ವಾಚನಗಳು ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ. ಆ ಭಾನುವಾರಕ್ಕೆ ಈ ಕಥೆಯ ಸರದಿ ಬಂದದ್ದು ಕಾಕತಾಳೀಯ. ಆದರೂ ನನ್ನ ಎರಡು ಪಕ್ಕದಲ್ಲಿ ಅವ್ವ ಮತ್ತು ತಮ್ಮ ಕೂತಿರುವಾಗ ಅದನ್ನು ಕೇಳುವುದು ಸುಲಭವಾಗಿರಲಿಲ್ಲ.

ಕಥೆ ಎಲ್ಲರಿಗೂ ಗೊತ್ತು. ಕಿರಿಯ ಮಗ ತನ್ನ ಪಾಲು ಕೇಳಿ ತೆಗೆದುಕೊಂಡು ದೂರದೇಶಕ್ಕೆ ಹೋಗುತ್ತಾನೆ, ಎಲ್ಲವನ್ನೂ ಹಾಳುಮಾಡುತ್ತಾನೆ, ಹಂದಿ ಕಾಯುವ ಗತಿಗೆ ಬರುತ್ತಾನೆ, ಹಸಿದು ಮರಳುತ್ತಾನೆ. ತಂದೆ ದೂರದಿಂದಲೇ ಕಂಡು ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಕೊಬ್ಬಿಸಿದ ಕರುವನ್ನು ಕೊಯ್ದು ಹಬ್ಬ ಮಾಡುತ್ತಾರೆ. ಹೊಲದಿಂದ ಬಂದ ಹಿರಿಯ ಮಗನಿಗೆ ವಾದ್ಯದ ಸದ್ದು ಕೇಳುತ್ತದೆ. ತಮ್ಮ ಬಂದ ಸುದ್ದಿ ಅವನಿಗೆ ಗೊತ್ತಾಗುವುದು ಆಳಿನಿಂದ. ಅವನು ಒಳಗೆ ಹೋಗುವುದಿಲ್ಲ.

ಅಷ್ಟು ಸಲ ಕೇಳಿದ್ದ ಕಥೆಯಲ್ಲಿ ಅಂದು ನನಗೆ ಹೊಸದಾಗಿ ಕಂಡದ್ದು ಒಂದು ಲೆಕ್ಕ. ತಂದೆ ಆಸ್ತಿಯನ್ನು ಇಬ್ಬರಿಗೂ ಹಂಚಿಕೊಟ್ಟ ಎಂದು ಲೂಕ ಸ್ಪಷ್ಟವಾಗಿ ಹೇಳುತ್ತಾನೆ. ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದ ನಿಯಮದಂತೆ ಚೊಚ್ಚಲ ಮಗನಿಗೆ ಎರಡು ಪಾಲು. ಇಬ್ಬರೇ ಮಕ್ಕಳಿದ್ದರೆ ಮೂರರಲ್ಲಿ ಎರಡು ಹಿರಿಯನಿಗೆ, ಒಂದು ಕಿರಿಯನಿಗೆ. ಕಿರಿಯ ತನ್ನದನ್ನು ಒಯ್ದು ಕಳೆದಾಗಿದೆ. ಮನೆಯಲ್ಲಿ ಉಳಿದಿರುವ ಹೊಲ, ಹಟ್ಟಿ, ದನಕರುಗಳೆಲ್ಲ ಹಿರಿಯನಿಗೆ ಸೇರಬೇಕಾದವು. ತಂದೆ ಬದುಕಿರುವಷ್ಟು ದಿನ ಅನುಭೋಗದ ಹಕ್ಕು ಅವನಿಗೆ ಇದ್ದೀತು. ಆದರೂ ಆ ಕರು ಕಡಿಮೆಯಾದದ್ದು ಹಿರಿಯನ ಪಾಲಿನಿಂದಲೇ. ನನ್ನದೆಲ್ಲ ನಿನ್ನದೇ ಎಂಬ ಅರ್ಥದ ಮಾತನ್ನು ತಂದೆ ಕೊನೆಗೆ ಹೇಳುತ್ತಾನೆ. ನಾವು ಅದನ್ನು ಸಮಾಧಾನದ ಮಾತೆಂದು ಓದುತ್ತೇವೆ. ಅದು ಇದ್ದ ಸಂಗತಿಯೂ ಹೌದು. ಹಾಗಿದ್ದರೆ ಕರು ಕೊಯ್ಯುವ ಮುಂಚೆ ಅವನನ್ನು ಒಂದು ಮಾತು ಕೇಳಬೇಕಿತ್ತಲ್ಲವೇ?

ನನ್ನ ಪ್ರಶ್ನೆ ಇದು: ಒಬ್ಬರು ಕ್ಷಮಿಸಿದಾಗ ಅದರ ಬೆಲೆ ಕೊಡುವವರು ಯಾರು?

ನಮ್ಮ ಕಡೆಯವರಿಗೆ ಈ ಪ್ರಶ್ನೆಯನ್ನು ಭದ್ರಾ ನಾಲೆಯ ಮೂಲಕ ವಿವರಿಸುವುದು ಸುಲಭ. ನಾಲೆಯ ಮೇಲ್ಭಾಗದಲ್ಲಿ ಯಾರೋ ಪಂಪ್‌ಸೆಟ್ ಇಟ್ಟು ನೀರೆತ್ತುತ್ತಾರೆ. ನೋಡಿದವರು "ಪಾಪ, ಅವನಿಗೂ ಹೆಂಡ್ತಿ ಮಕ್ಳು ಅದಾವೆ, ಬಿಡ್ರಿ" ಎಂದು ಸುಮ್ಮನಾಗುತ್ತಾರೆ. ಅದು ಕರುಣೆಯೇ. ಆದರೆ ಆ ಕರುಣೆಯ ಬೆಲೆ ಕೊಡುವವನು ಅಲ್ಲಿ ನಿಂತು ನೋಡಿದವನಲ್ಲ. ಕೊನೆಭಾಗದಲ್ಲಿ ಒಣಗುತ್ತಿರುವ ನಾಟಿಯ ಮುಂದೆ ಕೂತ ರೈತ. ಅವನನ್ನು ಯಾರೂ ಕೇಳಿರುವುದಿಲ್ಲ. ಅವನು ತಾಲ್ಲೂಕು ಕಚೇರಿಯ ಮುಂದೆ ಬಂದು ಕೂಗಿದರೆ ಜಗಳಗಂಟ ಎನ್ನುತ್ತಾರೆ.

ಹಿರಿಯ ಮಗನಿಗೂ ಇದೇ ಆಗಿದೆ. ಪ್ರಸಂಗಗಳಲ್ಲಿ ಅವನು ಸಾಮಾನ್ಯವಾಗಿ ಹೊಟ್ಟೆಕಿಚ್ಚಿನವನು, ಒಣ ಧರ್ಮದವನು. ಯೇಸು ಈ ಕಥೆ ಹೇಳಿದ್ದು ಪಾಪಿಗಳ ಜೊತೆ ಊಟ ಮಾಡುತ್ತಾನೆಂದು ಗೊಣಗುತ್ತಿದ್ದ ಫರಿಸಾಯರು ಮತ್ತು ಧರ್ಮಶಾಸ್ತ್ರಿಗಳಿಗೆ. ಆದ್ದರಿಂದ ಆ ಓದು ತಪ್ಪೇನಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಆ ಹಿರಿಯ ಮಗ ಫರಿಸಾಯನಲ್ಲ. ಔಷಧಿ ತರುವವಳು, ಕಂತು ಕಟ್ಟುವವಳು, ಸಾಲದವರ ಫೋನು ಎತ್ತುವವಳು.

ಚಿಕ್ಕವಳಿದ್ದಾಗ ನಾನು ಧಾರ್ಮಿಕ ಕಥೆಪುಸ್ತಕಗಳನ್ನು ತುಂಬ ಓದುತ್ತಿದ್ದೆ. ಕುಡುಕ ತಂದೆ ಬದಲಾಗುವ ಕಥೆ, ಓಡಿಹೋದ ಮಗಳು ಕ್ರಿಸ್‌ಮಸ್ ರಾತ್ರಿ ಮರಳುವ ಕಥೆ. ಎಲ್ಲವೂ ಅಪ್ಪುಗೆಯಲ್ಲಿ ಮುಗಿಯುತ್ತಿದ್ದವು. ಓದಿ ಅತ್ತಿದ್ದೇನೆ, ಅದಕ್ಕೆ ನಾಚಿಕೆಯಿಲ್ಲ. ಈಗ ಕಥನವನ್ನೇ ಅಧ್ಯಯನ ಮಾಡುವವಳಾಗಿ ನೋಡಿದರೆ ಅವುಗಳಲ್ಲಿ ಒಂದು ಕೊರತೆ ಕಾಣುತ್ತದೆ. ಅವು ನಮ್ಮನ್ನು ಯಾವಾಗಲೂ ಮರಳಿ ಬಂದವನ ಜಾಗದಲ್ಲಿ ಅಥವಾ ಅಪ್ಪಿಕೊಂಡವರ ಜಾಗದಲ್ಲಿ ನಿಲ್ಲಿಸುತ್ತವೆ. ಹಿತ್ತಲಲ್ಲಿ ಕೂತವಳ ಜಾಗದಲ್ಲಿ ನಿಲ್ಲಿಸುವುದಿಲ್ಲ. ಮರುದಿನ ಬೆಳಿಗ್ಗೆ ಕಂತು ಕಟ್ಟುವವರು ಯಾರು ಎಂದು ಅವು ಹೇಳುವುದಿಲ್ಲ.

ನಾ. ಡಿಸೋಜ ಅವರ 'ದ್ವೀಪ' ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿ 2002ರಲ್ಲಿ ಮಾಡಿದ ಸಿನಿಮಾ ಇಲ್ಲಿ ನೆನಪಾಗುತ್ತದೆ. ಸಾಗರದ ಡಿಸೋಜ ಕ್ರೈಸ್ತ ಮನೆತನದವರು, ಆದರೆ ಈ ಕಥೆಯಲ್ಲಿ ಚರ್ಚು ಇಲ್ಲ, ಉಪದೇಶವಿಲ್ಲ. ಅಣೆಕಟ್ಟಿನ ನೀರು ಏರುತ್ತಿರುವ ನಡುಗಡ್ಡೆಯಲ್ಲಿ ಉಳಿದ ಒಂದು ಕುಟುಂಬವಿದೆ. ಸಿನಿಮಾದ ಕೊನೆಯಲ್ಲಿ ಮನೆಯನ್ನು ಉಳಿಸಿಕೊಳ್ಳಲು ಜೀವ ಒತ್ತೆಯಿಟ್ಟು ಹೆಣಗಿದವಳು ನಾಗಿ. ಗಂಡನಾದರೋ ಅದೆಲ್ಲ ದೇವರ ದಯೆ ಎಂದುಬಿಡುತ್ತಾನೆ. ನಾಗಿಯ ಮುಖದಲ್ಲಿ ಆಗ ಬರುವ ಭಾವವನ್ನು ನಾನು ಮರೆತಿಲ್ಲ. ದೇವರನ್ನು ಹೊಗಳುವ ಮಾತೇ ಮನೆಯ ಒಬ್ಬರ ದುಡಿಮೆಯನ್ನು ಅಳಿಸಿಹಾಕಬಹುದು. ತಮ್ಮ ಬಂದ ವಾರದಲ್ಲಿ ಮನೆಗೆ ಬಂದವರೆಲ್ಲ "ಆರೋಗ್ಯಮಾತೆ ಕೈಬಿಡಲಿಲ್ಲ ನೋಡ್ರಿ" ಎಂದರು. ಅವ್ವ ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಬಸಿಲಿಕಕ್ಕೆ ಹೋಗಿ ಮೋಂಬತ್ತಿ ಹಚ್ಚಿ ಬೇಡಿಕೊಂಡಿದ್ದು ನಿಜ. ಆ ತಿಂಗಳ ಕಂತನ್ನು ನಾನು ಕಟ್ಟಿದ್ದೂ ನಿಜ.

ಹಾಗಾದರೆ ನಮಗೆ ಆದ ಅನ್ಯಾಯವನ್ನು ಮಾತ್ರ ನಾವು ಕ್ಷಮಿಸಬಹುದು, ಬೇರೆಯವರ ಪರವಾಗಿ ಕ್ಷಮಿಸುವ ಹಕ್ಕು ಯಾರಿಗೂ ಇಲ್ಲ ಎನ್ನೋಣವೇ? ದಾಸ್ತೋವಸ್ಕಿಯ 'ಕರಮಜೋವ್ ಸಹೋದರರು' (1880) ಕಾದಂಬರಿಯಲ್ಲಿ ಇವಾನ್ ವಾದಿಸುವುದು ಇದನ್ನೇ. ಮಗುವನ್ನು ಹಿಂಸಿಸಿ ಕೊಂದವನನ್ನು ತಾಯಿ ತನ್ನ ಸಂಕಟದ ಮಟ್ಟಿಗೆ ಕ್ಷಮಿಸಬಹುದು, ಮಗು ಪಟ್ಟ ನೋವಿನ ಪರವಾಗಿ ಕ್ಷಮಿಸುವ ಅಧಿಕಾರ ಅವಳಿಗಿಲ್ಲ ಎನ್ನುತ್ತಾನೆ. ಆ ವಾದವನ್ನು ಮುರಿಯುವ ಶಕ್ತಿ ನನಗಿಲ್ಲ. ಅದು ಸರಿಯೆಂದೇ ತೋರುತ್ತದೆ. ತೊಡಕೆಂದರೆ, ಒಂದು ಕುಟುಂಬದಲ್ಲಿ ಪಾಲುಗಳು ಅಷ್ಟು ಬೇರೆಬೇರೆಯಾಗಿ ಇರುವುದಿಲ್ಲ. ಅವ್ವ ಮಗನನ್ನು ಒಳಗೆ ಕರೆದುಕೊಂಡರೆ ಅವನು ಮಲಗುವುದು ನಾನೂ ಇರುವ ಮನೆಯಲ್ಲಿ, ಉಣ್ಣುವುದು ನಾನೂ ದುಡಿದು ತಂದ ಅಕ್ಕಿಯನ್ನು. ಎಲ್ಲರ ಒಪ್ಪಿಗೆ ಸಿಗುವ ತನಕ ಕಾಯಬೇಕೆಂದರೆ ಅವನು ಹೊಸ್ತಿಲಲ್ಲೇ ನಿಂತಿರಬೇಕಾಗುತ್ತಿತ್ತು. ಹಸಿದವನು ಅಷ್ಟು ಹೊತ್ತು ನಿಲ್ಲಲಾರ.

ಈ ತೊಡಕಿಗೆ ನನಗೆ ಸ್ವಲ್ಪ ದಾರಿ ತೋರಿಸಿದ್ದು ಟಾಲ್‌ಸ್ಟಾಯ್ 1885ರಲ್ಲಿ ಬರೆದ ಚಮ್ಮಾರ ಮಾರ್ಟಿನನ ಕಥೆ. ಹೆಂಡತಿ ಮಕ್ಕಳನ್ನು ಕಳೆದುಕೊಂಡ ಮಾರ್ಟಿನ್, ಕ್ರಿಸ್ತ ನಾಳೆ ಬರುತ್ತಾನೆಂಬ ದನಿ ಕೇಳಿ ಕಿಟಕಿಯ ಹತ್ತಿರ ಕೂತು ಕಾಯುತ್ತಾನೆ. ಬರುವವರು ಹಿಮ ಗುಡಿಸುವ ಮುದುಕ, ಚಳಿಯಲ್ಲಿ ನಡುಗುವ ಕೂಸಿನ ತಾಯಿ, ಕೊನೆಗೆ ಸೇಬು ಮಾರುವ ಮುದುಕಿ ಮತ್ತು ಅವಳ ಬುಟ್ಟಿಯಿಂದ ಸೇಬು ಕದ್ದ ಹುಡುಗ. ಸಾಮಾನ್ಯವಾಗಿ ನಾವು ಹೇಳುವುದು ಬಂದವರೆಲ್ಲರೂ ಕ್ರಿಸ್ತನೇ ಎಂಬ ಕೊನೆಯ ತಿಳಿವನ್ನು. ನಾನು ಮರು ಓದಿದಾಗ ಕಣ್ಣಿಗೆ ಬಿದ್ದದ್ದು ಸೇಬು. ಹುಡುಗನನ್ನು ಬಿಟ್ಟುಬಿಡು ಎಂದು ಮಾರ್ಟಿನ್ ಮುದುಕಿಗೆ ಬರೀ ಬುದ್ಧಿ ಹೇಳುವುದಿಲ್ಲ. ಬುಟ್ಟಿಯಿಂದ ಒಂದು ಸೇಬು ತೆಗೆದು ಹುಡುಗನಿಗೆ ಕೊಟ್ಟು, ಅದರ ದುಡ್ಡು ತಾನು ಕೊಡುತ್ತೇನೆ ಎನ್ನುತ್ತಾನೆ. ಮುದುಕಿಯ ಸೇಬಿನಲ್ಲಿ ಅವನು ಧಾರಾಳಿಯಾಗಲಿಲ್ಲ. ಮುದುಕಿ ಆಮೇಲೆ ಆ ದುಡ್ಡು ಕೇಳುವುದನ್ನು ಮರೆತು ಹೋಗುತ್ತಾಳೆ. ಆದರೆ ಮರೆಯುವುದು ಅವಳಿಗೆ ಬಿಟ್ಟದ್ದು. ಮೊದಲೇ ಮರೆತುಬಿಡು ಎಂದು ಹೇಳುವ ಹಕ್ಕು ಬೇರೆಯವರಿಗಿಲ್ಲ.

ಏಪ್ರಿಲಿನಲ್ಲಿ ಒಂದು ದಿನ ಅವ್ವನ ಅಳತೆ ಪುಸ್ತಕ ತೆಗೆದೆ. ಗಿರಾಕಿಯೊಬ್ಬರು ರವಿಕೆಯ ಅಳತೆ ಕೇಳಿ ಫೋನು ಮಾಡಿದ್ದರು, ಅವ್ವ ಮನೆಯಲ್ಲಿರಲಿಲ್ಲ. ಎದೆ, ಸೊಂಟ, ತೋಳು ಎಂದು ಬರೆದ ಪುಟಗಳ ಹಿಂದೆ, ಕೊನೆಯ ಹಾಳೆಯಲ್ಲಿ, ನನ್ನ ಹೆಸರಿತ್ತು. ಕೆಳಗೆ 6,500, 6,500, 6,500 ಎಂದು ತಿಂಗಳುವಾರು ಸಾಲು. ಕೆಲವು ಸಾಲುಗಳ ಎದುರಿಗೆ 400, 250 ಎಂದು ಸಣ್ಣ ಅಂಕಿಗಳು. ಅಷ್ಟಷ್ಟು ದುಡ್ಡನ್ನು ಅವ್ವ ರವಿಕೆ ಹೊಲಿದ ಕೂಲಿಯಿಂದ ಬೇರೆ ತೆಗೆದಿಟ್ಟಿದ್ದಳು. ಫೆಬ್ರುವರಿಯ ಸಾಲಿನ ಕೆಳಗೆ ಬೇರೆಯಾಗಿ ಬರೆದಿತ್ತು: ಕೋಳಿ, 300.

ಅಂದರೆ ಕರು ಯಾರದೆಂದು ಅವ್ವನಿಗೆ ಗೊತ್ತಿತ್ತು. ಅವಳು ನನ್ನ ಪರವಾಗಿ ಕ್ಷಮಿಸಿರಲಿಲ್ಲ. ನನ್ನಿಂದ ಸಾಲ ತೆಗೆದುಕೊಂಡು ತನ್ನ ಪಾಲಿನ ಕ್ಷಮೆಯನ್ನು ಮಾಡಿದ್ದಳು. ಅದನ್ನು ನನಗೆ ಹೇಳಬೇಕಿತ್ತು, ಹೇಳಲಿಲ್ಲ. ಅದು ಅವಳ ತಪ್ಪೆಂದೇ ಈಗಲೂ ಅಂದುಕೊಂಡಿದ್ದೇನೆ. ಆದರೆ ಲೆಕ್ಕವನ್ನು ಅಳಿಸಿರಲಿಲ್ಲ.

ಆಮೇಲೆ ಮತ್ತೆ ಲೂಕನ ಕಡೆ ಹೋದೆ. ನಾನು ಗಮನ ಕೊಡದ ಒಂದು ಸಂಗತಿ ಅಲ್ಲಿಯೇ ಇತ್ತು. ತಂದೆ ಮನೆಯಿಂದ ಎರಡು ಸಲ ಹೊರಗೆ ಬರುತ್ತಾನೆ. ಮೊದಲ ಸಲ ಕಿರಿಯವನಿಗಾಗಿ, ಓಡುತ್ತ. ಎರಡನೆಯ ಸಲ ಹಿರಿಯವನಿಗಾಗಿ, ಹಬ್ಬ ನಡೆಯುತ್ತಿರುವಾಗಲೇ, ನೆಂಟರನ್ನು ಬಿಟ್ಟು. ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಹಿರಿಯವನ ದೂರನ್ನು ಪೂರ್ತಿ ಕೇಳಿಸಿಕೊಳ್ಳುತ್ತಾನೆ, ಸುಮ್ಮನಿರು ಎನ್ನುವುದಿಲ್ಲ. ಹಿರಿಯವನು ಕೊನೆಗೆ ಒಳಗೆ ಹೋದನೇ? ಯೇಸು ಹೇಳಲಿಲ್ಲ. ಈ ಮನೆ, ಈ ತಂದೆ, ಈ ಮಕ್ಕಳು ಎಲ್ಲರೂ ಅವನು ಕಟ್ಟಿದ ಕಥೆಯವರು. ಬೇಕಿದ್ದರೆ ಇಬ್ಬರನ್ನೂ ಅಪ್ಪಿಸಿ ಮುಗಿಸಬಹುದಿತ್ತು. ಹಾಗೆ ಮಾಡದೆ ಬಿಟ್ಟದ್ದರಲ್ಲಿ ಹಿರಿಯವನಿಗೆ ಒಂದು ಮರ್ಯಾದೆ ಇದೆ. ಅವನ ಉತ್ತರವನ್ನು ಅವನ ಪರವಾಗಿ ಯಾರೂ ಕೊಡಲಿಲ್ಲ, ಕಥೆ ಹೇಳಿದವನೂ ಕೊಡಲಿಲ್ಲ.

ವಿಶ್ವಾಸ ಎಂದರೆ ಏನೆಂದು ಕೇಳಿದರೆ ನಾನು ಈಗ ಆ ಎರಡನೆಯ ಹೊರಬರುವಿಕೆಯನ್ನು ತೋರಿಸುತ್ತೇನೆ. ಕಳೆದುಹೋದವನಿಗಾಗಿ ಓಡುವುದು ದೊಡ್ಡದು, ಆದರೆ ಅದಕ್ಕೆ ಕಣ್ಣೀರು ಮತ್ತು ಚಪ್ಪಾಳೆ ಎರಡೂ ಸಿಗುತ್ತವೆ. ಮನೆಯಲ್ಲೇ ಇದ್ದು ಸಿಟ್ಟಾದವಳ ಹತ್ತಿರ ಬಂದು ನಿಲ್ಲುವುದಕ್ಕೆ ಏನೂ ಸಿಗುವುದಿಲ್ಲ. ಅವ್ವನ ಮಟ್ಟಿಗೆ ಅಳತೆ ಪುಸ್ತಕದ ಆ ಹಾಳೆಯೇ ಹೊರಗೆ ಬರುವುದಾಗಿತ್ತು. ಮಾತಿನಲ್ಲಿ ಬರಲು ಅವಳಿಗೆ ಬಾರದು, ಅಷ್ಟೆ. ಹಿತ್ತಲಲ್ಲಿ ಕೂತವಳ ಸಿಟ್ಟು ಅವಿಶ್ವಾಸವಲ್ಲ ಎಂಬುದನ್ನೂ ಆ ಕಥೆಯಿಂದಲೇ ಕಲಿತೆ. ಅದು ಸಿಟ್ಟಾಗಿಯೇ ಕೇಳಿಸಿಕೊಳ್ಳಬೇಕಾದ ಮಾತು.

ತಮ್ಮ ಈಗ ಹರಿಹರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಬಟನ್ ಫೋನು ಇಟ್ಟುಕೊಂಡಿದ್ದಾನೆ. ತಿಂಗಳಿಗೆ ಎರಡು ಸಾವಿರ ತಂದು ಅವ್ವನ ಕೈಗೆ ಕೊಡುತ್ತಾನೆ, ಅವ್ವ ಅದನ್ನು ನನ್ನ ಮುಂದೆ ಇಡುತ್ತಾಳೆ. ಅವನು ಮತ್ತೆ ಆಡುವುದಿಲ್ಲ ಎಂಬ ಭರವಸೆ ನನಗಿಲ್ಲ. ಅವನನ್ನು ಕ್ಷಮಿಸಿದ್ದೇನೆಂದು ಇನ್ನೂ ಹೇಳಿಲ್ಲ. ಹೇಳಿದರೆ ಸುಳ್ಳಾಗುತ್ತದೆ. ಒಟ್ಟಿಗೆ ಕೂತು ಉಣ್ಣುತ್ತೇವೆ, "ಅಕ್ಕ, ಸಾರು ಹಾಕ್ಲಾ?" ಎಂದರೆ ತಟ್ಟೆ ಮುಂದೆ ಮಾಡುತ್ತೇನೆ.

ಹೋದ ತಿಂಗಳು ಅವನು ಕೊಟ್ಟ ದುಡ್ಡನ್ನು ಬರೆದುಕೊಳ್ಳಲು ಅವ್ವ ಪುಸ್ತಕ ತೆಗೆದಾಗ ನಾನು ಪಕ್ಕದಲ್ಲಿ ಕೂತಿದ್ದೆ. "ಆ ಕೋಳಿದು ಹೊಡೆದುಹಾಕವ್ವ" ಎಂದೆ.

"ಯಾಕ?"

"ಅದು ನಾನು ಕೊಟ್ಟಿದ್ದು ಅಂತ ಇರ್ಲಿ."

ಅವ್ವ ನನ್ನನ್ನೊಮ್ಮೆ ನೋಡಿ ಆ ಸಾಲಿನ ಮೇಲೆ ಗೆರೆ ಎಳೆದಳು. ಉಳಿದ ಸಾಲುಗಳು ಹಾಗೆಯೇ ಇವೆ.