ಹೇಳಿ ಬರೆಯಿಸಿದ ಶೋಕ

1819ರಲ್ಲಿ ವಿಯೆನ್ನಾ ನಗರದ ಸಂಗೀತ ಪ್ರಕಾಶಕ ಆಂಟನ್ ಡಯಾಬೆಲ್ಲಿ ಎಂಬಾತನು ತಾನೇ ರಚಿಸಿದ ಒಂದು ಪುಟ್ಟ ವಾಲ್ಟ್ಸ್ ನೃತ್ಯದ ಮಟ್ಟನ್ನು ಆಸ್ಟ್ರಿಯಾದ ಹೆಸರಾಂತ ಸಂಗೀತಗಾರರಿಗೆಲ್ಲ ಕಳುಹಿಸಿ, ಇದನ್ನಾಧರಿಸಿ ಪಿಯಾನೋ ವಾದ್ಯಕ್ಕಾಗಿ ಒಬ್ಬೊಬ್ಬರೂ ಒಂದೊಂದು ರೂಪಾಂತರವನ್ನು ಬರೆದುಕೊಡಬೇಕೆಂದು ಕೇಳಿಕೊಂಡನು. ನಮ್ಮ ಅವಧಾನಕಲೆಯ ಮಾತಿನಲ್ಲಿ ಹೇಳುವುದಾದರೆ ಅದೊಂದು ಸಮಸ್ಯಾಪೂರಣ. ಪಾದವೊಂದು ಪೃಚ್ಛಕನದು, ಪದ್ಯ ಅವಧಾನಿಯದು. ಐವತ್ತು ಮಂದಿ ಬರೆದರು. ಹನ್ನೊಂದರ ಹರೆಯದ ಬಾಲಕ ಲಿಸ್ಟ್ ಕೂಡ ಅವರಲ್ಲೊಬ್ಬ. ಬೀಥೋವನ್ ಮಾತ್ರ ಒಂದನ್ನು ಕೇಳಿದರೆ ಮೂವತ್ತಮೂರನ್ನು ಬರೆದನು. ಅವು 1823ರಲ್ಲಿ ಪ್ರತ್ಯೇಕ ಪುಸ್ತಕವಾಗಿಯೇ ಹೊರಬಂದವು. ಆ ಮಹಾಕೃತಿಯ ವಿಚಾರವನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನನ್ನ ಲಕ್ಷ್ಯವಿರುವುದು ಆ ಐವತ್ತರಲ್ಲಿ ಒಂದು ಮೂಲೆಯಲ್ಲಿ ಕುಳಿತಿರುವ ಶೂಬರ್ಟನ ಒಂದೇ ಒಂದು ರಚನೆಯ ಮೇಲೆ.

ಶೂಬರ್ಟ್ ಅದನ್ನು ಬರೆದುದು 1821ರ ಮಾರ್ಚ್ ತಿಂಗಳಲ್ಲಿ, ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ. ಡಯಾಬೆಲ್ಲಿಯ ಮಟ್ಟು ನಮ್ಮ ಶಂಕರಾಭರಣವನ್ನು ಹೋಲುವ ಸಿ ಮೇಜರಿನಲ್ಲಿದೆ. ಕುಣಿತದ ಉತ್ಸಾಹ ಬಿಟ್ಟರೆ ಅದರಲ್ಲಿ ಮತ್ತೇನೂ ಇಲ್ಲ. ಶೂಬರ್ಟ್ ಅದನ್ನು ಸಿ ಮೈನರಿಗೆ ಇಳಿಸಿದನು. ಅಂತರಗಾಂಧಾರವಿದ್ದೆಡೆ ಸಾಧಾರಣಗಾಂಧಾರ ಬಂದು ಕುಳಿತಿತು; ಅಂಗಳದಲ್ಲಿ ಮೋಡ ಕವಿದಂತಾಯಿತು. ನುಡಿಸಿ ಮುಗಿಸಲು ಒಂದೆರಡು ನಿಮಿಷ ಸಾಕು. ಆದರೆ ಕೇಳಿದವರು ಅಷ್ಟು ಬೇಗ ಆಚೆಗೆ ಬರಲಾರರು. ಶೂಬರ್ಟನ ಬಾಳನ್ನು ಕಹಿಗೊಳಿಸಿದ ಕಾಯಿಲೆ ಅವನಿಗೆ ತಗಲಿದ್ದು 1822ರ ಕೊನೆಯ ವೇಳೆಗೆ. ಎಂದರೆ ಪ್ರಕಾಶಕನ ಕೋರಿಕೆಯ ಕಾಗದ ಮೇಜಿನ ಮೇಲಿತ್ತು, ಕಾಯಿಲೆ ಇನ್ನೂ ಬಂದಿರಲಿಲ್ಲ. ಹಾಗಾದರೆ ಆ ಶೋಕ ಯಾರದು? ವ್ಯಾಪಾರಿಯೊಬ್ಬನ ಕೋರಿಕೆಗೆ, ಗೊತ್ತುಪಡಿಸಿದ ಅಳತೆಗೆ ಹೊಲಿದುಕೊಟ್ಟ ಈ ವಿಷಾದವನ್ನು ಸುಳ್ಳೆನ್ನಬೇಕೆ?

ಈ ಪ್ರಶ್ನೆ ನನ್ನೆದುರು ಬಂದುದು ಗ್ರಂಥಾಲಯದಿಂದಲ್ಲ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳ ಮಗನಿಗೆ ಕೀಬೋರ್ಡಿನ ಹುಚ್ಚಿದೆ. ಹತ್ತು ದಿನಗಳೊಳಗೆ, ಪಿಯಾನೋ ಒಂದರಲ್ಲೇ ನುಡಿಸುವಂತಹ, ಮೂರು ನಿಮಿಷ ಮೀರದ, ಮಂಕು ಕವಿದ ಭಾವದ ರಚನೆಯೊಂದನ್ನು ಮಾಡಿ ಕಳುಹಿಸಬೇಕೆಂಬ ಸ್ಪರ್ಧೆಗೆ ಅವನು ಹೆಸರು ಕೊಟ್ಟಿದ್ದ. ಒಂದು ರಾತ್ರಿ ದೂರವಾಣಿಯಲ್ಲಿ, “ಅಜ್ಜ, ನನಗೆ ಈಗ ದುಃಖವೇ ಇಲ್ಲ. ಇಲ್ಲದ ದುಃಖ ಬರೆದರೆ ಮೋಸ ಅಲ್ಲವಾ?” ಎಂದು ಕೇಳಿದ. ಇಪ್ಪತ್ತರ ಹುಡುಗ ಇಂತಹ ಪ್ರಶ್ನೆ ಕೇಳಿದನಲ್ಲಾ ಎಂದು ನನಗೆ ಸಂತೋಷವೇ ಆಯಿತು.

ಮೊದಲು ವಾದ್ಯದ ಸ್ವಭಾವವನ್ನು ನೋಡಬೇಕು. ಪಿಯಾನೋದಲ್ಲಿ ಬೆರಳು ಕೀಲಿಯನ್ನೊತ್ತಿದೊಡನೆ ಒಳಗಿನ ಪುಟ್ಟ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಹುಟ್ಟಿದ ಕ್ಷಣದಿಂದಲೇ ಸ್ವರ ಸಾಯತೊಡಗುತ್ತದೆ. ಪಿಟೀಲಿನವನಂತೆ ಅದನ್ನು ಎಳೆದು ಬೆಳೆಸಲಾಗದು, ವೀಣೆಯವನಂತೆ ಮೆಟ್ಟಿಲ ಮೇಲೆ ಜಗ್ಗಿ ಗಮಕ ಕೊಡಲಾಗದು. ಕಾಲಿನ ಪೆಡಲನ್ನೊತ್ತಿದರೆ ಸ್ವರ ಸ್ವಲ್ಪ ಹೊತ್ತು ಉಳಿದೀತು, ಬಲಿಯದು. ಹೀಗೆ ತನ್ನ ಎಂಬತ್ತೆಂಟು ಕೀಲಿಗಳಲ್ಲಿ ಒಂದರಲ್ಲಿಯೂ ಅಳಲು ಬಾರದ ವಾದ್ಯದಿಂದ ಅಳುವನ್ನು ಹೊರಡಿಸಬೇಕಾದರೆ ಉಪಾಯ ಬೇಕು. ಶೋಪಾನನ ಇ ಮೈನರ್ ಪ್ರೆಲ್ಯೂಡ್ ಅದಕ್ಕೆ ಒಳ್ಳೆಯ ನಿದರ್ಶನ. ಅದರ ಉದ್ದ ಇಪ್ಪತ್ತೈದು ಅಳತೆಗಳು ಮಾತ್ರ. ಬಲಗೈ ಬಹುಪಾಲು ಅಕ್ಕಪಕ್ಕದ ಎರಡು ಸ್ವರಗಳ ನಡುವೆಯೇ ತಡವರಿಸುತ್ತದೆ, ಮನೆಯ ಜಗಲಿಯಲ್ಲಿ ಯಾರನ್ನೋ ಕಾಯುತ್ತಿರುವವರು ಅತ್ತಿಂದಿತ್ತ ನಡೆಯುವಂತೆ. ಎಡಗೈಯ ಸ್ವರಮೇಳ ಮಾತ್ರ ಅರ್ಧರ್ಧ ಸ್ವರದಷ್ಟು ಕೆಳಕ್ಕೆ, ಕೆಳಕ್ಕೆ ಜಾರುತ್ತಲೇ ಹೋಗುತ್ತದೆ. ಕೊನೆಗೊಂದು ಮೌನ, ಆಮೇಲೆ ಮೂರು ಮಂದ್ರ ಸ್ವರಮೇಳಗಳು. 1838-39ರ ಚಳಿಗಾಲದಲ್ಲಿ ಮಜೋರ್ಕಾ ದ್ವೀಪದಲ್ಲಿ ಶೋಪಾನ್ ತನ್ನ ಪ್ರೆಲ್ಯೂಡುಗಳನ್ನು ಪೂರ್ಣಗೊಳಿಸುವಾಗ ಅವನು ಕಾಯಿಲೆಯಿಂದ ಕೆಮ್ಮುತ್ತಿದ್ದುದೇನೋ ನಿಜ. ಆದರೆ ಕೆಮ್ಮುವವರೆಲ್ಲ ಎಡಗೈಯನ್ನು ಅಷ್ಟು ಲೆಕ್ಕಾಚಾರದಿಂದ ಇಳಿಸುವುದಿಲ್ಲ. ಹತ್ತು ವರ್ಷಗಳ ಬಳಿಕ, 1849ರಲ್ಲಿ, ಪ್ಯಾರಿಸಿನ ಮದ್ಲೇನ್ ಇಗರ್ಜಿಯಲ್ಲಿ ಶೋಪಾನನ ಅಂತ್ಯಕ್ರಿಯೆ ನಡೆದಾಗ ಇದೇ ರಚನೆಯನ್ನು ಆರ್ಗನಿನಲ್ಲಿ ನುಡಿಸಿದರು. ಕೈಕಸುಬಿನಿಂದ ಕಟ್ಟಿದ ಶೋಕವೇ ಕಟ್ಟಿದವನ ಸಾವಿಗೆ ಒದಗಿ ಬಂತು.

ಕುಂಬಳೆ ಸೀಮೆಯವರಾದ ನಮಗೆ ಇದನ್ನು ತಿಳಿಯಲು ಯುರೋಪಿಗೆ ಹೋಗಬೇಕಾದ ಅಗತ್ಯವೂ ಇಲ್ಲ. ತಾಳಮದ್ದಳೆಯ ಆಮಂತ್ರಣಪತ್ರ ತಿಂಗಳಿಗೆ ಮುಂಚೆ ಅಚ್ಚಾಗುತ್ತದೆ: ಪ್ರಸಂಗ ಕರ್ಣಭೇದನ, ಇಂಥವರ ಕರ್ಣ, ಇಷ್ಟು ಗಂಟೆಗೆ. ಅರ್ಥಧಾರಿ ಬಸ್ಸಿಳಿದು ಬಂದು, ಊಟ ಮುಗಿಸಿ, ವೇಷವಿಲ್ಲ ಬಣ್ಣವಿಲ್ಲ, ಪಂಚೆ ಶಲ್ಯದಲ್ಲೇ ಕುಳಿತು, ಭಾಗವತರು ಪದ ಎತ್ತಿದ ಮೇಲೆ ಹೆತ್ತ ತಾಯಿಯ ಮುಂದೆ ಸೂತಪುತ್ರನ ಸಂಕಟವನ್ನು ತೆರೆದಿಡುತ್ತಾನೆ. ಎದುರು ಕುಳಿತ ಮುದುಕರು ಶಲ್ಯದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಹೇಳಿದ ಹೊತ್ತಿಗೆ ಬಂದ ದುಃಖವೆಂದು ಅದನ್ನು ಯಾರೂ ಮೋಸವೆಂದದ್ದನ್ನು ನಾನು ಕೇಳಿಲ್ಲ.

ಇದರ ತತ್ತ್ವವನ್ನು ಸಾವಿರ ವರ್ಷಗಳ ಹಿಂದೆಯೇ ಕಾಶ್ಮೀರದ ಅಭಿನವಗುಪ್ತನು ಬಿಡಿಸಿ ಹೇಳಿದ್ದಾನೆ. ಕ್ರೌಂಚವಧೆಯನ್ನು ಕಂಡ ವಾಲ್ಮೀಕಿಯ ಶೋಕವೇ ಶ್ಲೋಕವಾಯಿತೆಂದು ನಾವೆಲ್ಲ ಪಾಠ ಮಾಡಿದವರೇ. ಆದರೆ ಅದು ಮುನಿಯ ಸ್ವಂತ ಶೋಕವೆಂದು ತಿಳಿಯಬಾರದೆಂದು ಅಭಿನವಗುಪ್ತನ ಎಚ್ಚರಿಕೆ. ಸ್ವಂತ ದುಃಖದಲ್ಲಿ ಬೇಯುತ್ತಿರುವವನು ಛಂದಸ್ಸನ್ನು ಹಿಡಿದಾನೆ? ಹಕ್ಕಿಯ ನೋವು ಋಷಿಯ ಹೃದಯದಲ್ಲಿ ಕರಗಿ, ಆಸ್ವಾದ್ಯವಾಗಿ, ತುಂಬಿದ ಕೊಡದಂತೆ ಹೊರಚೆಲ್ಲಿತು ಎಂಬುದು ಅವನ ಆಶಯ. ಈ ಮಾತನ್ನು ಒಪ್ಪಿದರೆ ಮೊಮ್ಮಗನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ನಾನು ಅವನಿಗೆ ಇನ್ನೂ ಸುಲಭವಾದ ಉದಾಹರಣೆ ಕೊಟ್ಟೆ. ತಂದೆಯನ್ನು ಕಳೆದುಕೊಂಡ ಗೆಳೆಯನಿಗೆ ಸಾಂತ್ವನಪತ್ರ ಬರೆಯಿರಿ ಎಂದು ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ನಾವು ಕೇಳುತ್ತಿದ್ದೆವು. ಬರೆಯುವ ಮಕ್ಕಳ ತಂದೆಯೂ ಗೆಳೆಯನ ತಂದೆಯೂ ಮನೆಯಲ್ಲಿ ಸುಖವಾಗಿರುತ್ತಿದ್ದರು. ಅದಕ್ಕೆ ನಾನು ಐದಕ್ಕೆ ನಾಲ್ಕು ಅಂಕಗಳನ್ನು ಕೊಟ್ಟಿದ್ದೇನೆ. ಮುಂದೆ ನಿಜವಾಗಿ ಬರೆಯಬೇಕಾಗಿ ಬಂದ ದಿನ ಆ ಅಭ್ಯಾಸದಿಂದ ಕೆಲವರ ಕೈಯಾದರೂ ನಡುಗದೆ ಉಳಿದಿರಬಹುದು.

ವಿಷಯ ಇಷ್ಟಕ್ಕೇ ಮುಗಿದಿದ್ದರೆ ಈ ಲೇಖನವನ್ನು ಬರೆಯುತ್ತಿರಲಿಲ್ಲ. ನಾಲ್ಕು ದಿನ ಕಳೆದು ಹುಡುಗ ಮತ್ತೆ ಕರೆ ಮಾಡಿದ. ರಚನೆ ಕುದುರಿತ್ತು. ಅದನ್ನು ನುಡಿಸುತ್ತಿದ್ದಾಗ, ಹಿಂದಿನ ವರ್ಷ ರಸ್ತೆ ಅಪಘಾತದಲ್ಲಿ ತೀರಿಕೊಂಡ ಸಹಪಾಠಿಯೊಬ್ಬನ ನೆನಪು ಅವನಿಗೆ ಬರತೊಡಗಿತ್ತಂತೆ. ಆ ಹುಡುಗನ ಹೆಸರನ್ನೇ ಶೀರ್ಷಿಕೆಯಾಗಿಟ್ಟು, ಅಪಘಾತದ ವಿಚಾರವನ್ನು ಎರಡು ಸಾಲು ಬರೆದು ಕಳುಹಿಸಬಹುದೇ ಎಂದು ಕೇಳಿದ. ಜೊತೆಗಾರರು ಹಾಗೆ ಮಾಡೆಂದು ಹೇಳಿದ್ದರು. ತೀರ್ಪುಗಾರರ ಮನಸ್ಸು ಕರಗುತ್ತದೆಯಂತೆ.

ಇಲ್ಲದ ದುಃಖವನ್ನು ಬರೆಯುವುದು ಮೋಸವೇ ಎಂಬ ಪ್ರಶ್ನೆಗಿಂತ, ಇರುವ ದುಃಖವನ್ನು ಹೀಗೆ ಬಳಸುವುದು ಸರಿಯೇ ಎಂಬ ಪ್ರಶ್ನೆ ನನಗೆ ಬಹಳ ಕಠಿಣವಾಗಿ ತೋರಿತು. ಎರಡನೆಯದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸತ್ತವನು ನಿಜವಾಗಿ ಸತ್ತಿದ್ದಾನೆ, ನೆನಪು ನಿಜವಾಗಿ ಬಂದಿದೆ. ಆದರೂ ಮನಸ್ಸು ಒಗ್ಗುವುದಿಲ್ಲ. ಕರ್ಣನ ಅರ್ಥ ಹೇಳುತ್ತಿರುವವನು ನಡುವೆ ನಿಲ್ಲಿಸಿ ತನ್ನ ಮನೆಯಲ್ಲಾದ ಸಾವನ್ನು ಹೇಳಿ ಸಭೆಯನ್ನು ಅಳಿಸಿದರೆ, ಅವನ ಮಾತು ಸತ್ಯವೇ ಆದರೂ ಸಭೆ ಮುಜುಗರಪಡುತ್ತದೆ. ನಾವು ಕರ್ಣನಿಗಾಗಿ ಬಂದವರು. ಆ ಮನೆಯ ಸಾವಿನ ಮುಂದೆ ಚಪ್ಪಾಳೆ ತಟ್ಟುವಂತಿಲ್ಲ, ತಪ್ಪು ಹುಡುಕುವಂತಿಲ್ಲ. ಸ್ಪರ್ಧೆಯಲ್ಲಿಯೂ ಅಷ್ಟೇ. ತೀರ್ಪುಗಾರನು ಇಪ್ಪತ್ತನೆಯ ಅಳತೆಯಲ್ಲಿ ಎಡಗೈ ದುರ್ಬಲವಾಯಿತೆಂದು ಬರೆಯಲು ಹೊರಟರೆ, ಸತ್ತ ಹುಡುಗನ ಹೆಸರು ಅವನ ಲೇಖನಿಯನ್ನು ಹಿಡಿದು ನಿಲ್ಲಿಸುತ್ತದೆ. ಆ ಹೆಸರನ್ನು ಅಲ್ಲಿ ನಿಲ್ಲಿಸಿದವರು ಯಾರು, ಯಾವ ಲಾಭಕ್ಕಾಗಿ ಎಂಬುದೇ ನನಗೆ ಕಂಡ ತೊಡಕು.

ಹಾಗೆಂದು ಸಂಗೀತಕ್ಕೆ ಸತ್ತವರ ಹೆಸರನ್ನೇ ಇಡಬಾರದೆನ್ನಲು ಬರುವುದಿಲ್ಲ. ಫ್ರೆಂಚ್ ಸಂಗೀತಕಾರ ರಾವೆಲನ ಎರಡು ಪಿಯಾನೋ ಕೃತಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1899ರಲ್ಲಿ ಅವನು ಗತಿಸಿದ ರಾಜಕುಮಾರಿಗಾಗಿ ಎಂಬ ಹೆಸರಿನ ಒಂದು ಪವಾನ್ ಬರೆದನು. ಕೇಳಿದರೆ ಎದೆ ಭಾರವಾಗುತ್ತದೆ. ಆದರೆ ಅಂತಹ ರಾಜಕುಮಾರಿ ಯಾರೂ ಇರಲಿಲ್ಲ. ಆ ಪದಗಳ ನಾದ ತನಗೆ ಹಿಡಿಸಿತೆಂದು ಅವನೇ ಹೇಳಿಕೊಂಡಿದ್ದಾನೆ. ಆಮೇಲೆ ಮೊದಲನೆಯ ಮಹಾಯುದ್ಧ ಬಂತು. ರಾವೆಲ್ ಸೇನೆಯ ಲಾರಿ ನಡೆಸಿದನು, ಗೆಳೆಯರನ್ನು ಕಳೆದುಕೊಂಡನು. 1917ರಲ್ಲಿ ಮುಗಿಸಿದ ‘ಕೂಪರಾನನ ಸಮಾಧಿ’ ಎಂಬ ಕೃತಿಯ ಆರು ಭಾಗಗಳನ್ನೂ ಯುದ್ಧದಲ್ಲಿ ಮಡಿದವರ ನೆನಪಿಗೆ ಅರ್ಪಿಸಿದನು. ಅವುಗಳಲ್ಲಿ ಒಂದು, ಇಬ್ಬರು ಸಹೋದರರ ಹೆಸರಿನಲ್ಲಿರುವುದು, ಹೆಜ್ಜೆ ಹಾಕಿ ಕುಣಿಯುವ ಹಳ್ಳಿಯ ನೃತ್ಯ! ಸಾವಿಲ್ಲದ ಕಡೆ ಶೋಕಗೀತೆ, ಸಾವಿರುವ ಕಡೆ ಕುಣಿತ. ಹೆಸರುಗಳನ್ನು ಪುಟದ ಮೇಲೆ ಬರೆದನೇ ಹೊರತು ಅವುಗಳಿಂದ ಕೇಳುಗರ ಕಣ್ಣೀರನ್ನು ಹಿಂಡಲು ಹೋಗಲಿಲ್ಲ. 1919ರಲ್ಲಿ ಆ ಕೃತಿಯನ್ನು ಮೊದಲು ನುಡಿಸಿದಾಕೆ ಮಾರ್ಗರೀತ್ ಲಾಂಗ್. ಕೊನೆಯ ಭಾಗವಾದ ಟೊಕಾಟಾ ಅರ್ಪಿತವಾದುದು ಯುದ್ಧದಲ್ಲಿ ಮಡಿದ ಆಕೆಯ ಗಂಡನಿಗೆ. ಬೆರಳಿಗೆ ಬಿಡುವು ಕೊಡದ ಆ ವೇಗದ ಭಾಗವನ್ನು ಆಕೆ ಸಭೆಯ ಮುಂದೆ ಹೇಗೆ ನುಡಿಸಿ ಮುಗಿಸಿದಳೋ ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಇದನ್ನೆಲ್ಲ ಹೇಳಿ, ಸ್ಪರ್ಧೆಗೆ ಹೆಸರು ಬೇಡ ಎಂದೆ. ಹುಡುಗ ಸುಲಭಕ್ಕೆ ಒಪ್ಪುವವನಲ್ಲ. “ಅಜ್ಜ, ಅವನ ಹೆಸರು ತೆಗೆದುಬಿಟ್ಟರೆ ಅವನನ್ನೇ ಅಡಗಿಸಿದ ಹಾಗೆ ಆಗುವುದಿಲ್ಲವಾ? ಅವನಿಂದ ಬಂದದ್ದನ್ನು ನನ್ನದೇ ಅಂತ ಹೇಳಿಕೊಂಡ ಹಾಗೆ?” ಎಂದ. ಈ ಆಕ್ಷೇಪವನ್ನು ತಳ್ಳಿಹಾಕುವಂತಿರಲಿಲ್ಲ. ಹೆಂಡತಿಯನ್ನು ಕಳೆದುಕೊಂಡ ವಾಲ್ಸೆಗ್ ಪ್ರಭು 1791ರಲ್ಲಿ ಗುಟ್ಟಾಗಿ ಮೊಜಾರ್ಟನಿಂದ ರೆಕ್ವಿಯಂ ಬರೆಯಿಸಿ, ಆಮೇಲೆ ತನ್ನದೆಂದು ಹೇಳಿಕೊಂಡು ನಡೆಸಿದ್ದನ್ನು ಲೋಕ ಇಂದಿಗೂ ನಗುತ್ತದೆ. ಅವನ ದುಃಖ ನಿಜವೇ ಇದ್ದೀತು. ಹೆಸರಿನ ವಿಚಾರದಲ್ಲಿ ಮಾತ್ರ ಕಳ್ಳತನ. ಆದರೆ ವಾಲ್ಸೆಗ್ ಮುಚ್ಚಿಟ್ಟದ್ದು ಮಾಡಿದವನ ಹೆಸರನ್ನು. ನೆನಪಾದವನ ಹೆಸರನ್ನು ಬಹುಮಾನದ ಹೊತ್ತಿಗೆ ಹೇಳದಿರುವುದು ಬೇರೆ, ಎಂದೆಂದಿಗೂ ಹೇಳದಿರುವುದು ಬೇರೆ. ಅಂಕ ಹಾಕುವವರು ಎದ್ದು ಹೋದ ಮೇಲೆ ಆ ಹೆಸರಿಗೆ ಅಲ್ಲಿ ಯಾವ ಲಾಭದ ಕೆಲಸವೂ ಇರುವುದಿಲ್ಲ. ಆಗ ಬರೆದರೆ ಅದು ಬರಿಯ ಹೆಸರಾಗಿಯೇ ಇದ್ದೀತು. ಅದಕ್ಕೂ ಆ ಹುಡುಗನ ಮನೆಯವರ ಒಪ್ಪಿಗೆ ಬೇಕು. ಮಗನ ಹೆಸರಿನ ಮೇಲೆ ಗೆಳೆಯನಿಗಿಂತ ತಾಯಿಗೆ ಹಕ್ಕು ಹೆಚ್ಚು.

ಕೊನೆಗೆ ಅವನು ‘ಪಿಯಾನೋ ರಚನೆ, ಇ ಮೈನರ್’ ಎಂದಷ್ಟೇ ಬರೆದು, ಗಡುವಿಗೆ ಒಂದು ದಿನ ಮುಂಚೆ ಕಳುಹಿಸಿದ. ಬಹುಮಾನ ಬಂತೇ ಎಂದು ಓದುಗರು ಕೇಳಬಹುದು, ಬರಲಿಲ್ಲ. ನಡುಭಾಗ ಅನಗತ್ಯವಾಗಿ ಉದ್ದವಾಯಿತೆಂದು ತೀರ್ಪುಗಾರರು ಒಂದು ಸಾಲು ಬರೆದಿದ್ದರು. ಅದು ಸರಿಯೆಂದು ಒಪ್ಪಿ ಈಗ ತಿದ್ದುತ್ತಿದ್ದಾನೆ. ಗೆಳೆಯನ ತಾಯಿಯನ್ನು ಕಂಡು ಕೇಳಿದ ಮೇಲೆ ಹೆಸರಿನ ವಿಚಾರವನ್ನು ತೀರ್ಮಾನಿಸುವುದಾಗಿ ಹೇಳಿದ್ದಾನೆ. ಅವರ ಮನೆ ಇರುವುದು ಅವನ ಹಾಸ್ಟೆಲಿನಿಂದ ಎರಡು ಬಸ್ ನಿಲ್ದಾಣದಷ್ಟು ದೂರದಲ್ಲಿ. ನಾನಿದನ್ನು ಬರೆಯುವ ಹೊತ್ತಿಗೆ ಅವನಿನ್ನೂ ಹೋಗಿಲ್ಲ.